ಪಟ್ಟಿಗಷ್ಟೇ ಗೊತ್ತಿದ್ದ ಸುದ್ದಿ

ಭಾಗ್ಯಶ್ರೀಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಇದನ್ನು ದೊಡ್ಡ ಗುಣವೆಂದು ಹೊಗಳುವವರು ಹೊಗಳಲಿ. ಹೈದರಾಬಾದಿನ ಸನತ್‌ನಗರದ ಕಾರ್ಖಾನೆಗಳಲ್ಲಿ ದುಡಿದು ತಿನ್ನುವವರಿಗೆ ಇದು ಕೈಯಲ್ಲಿ ಒಂದು ಬೆರಳು ಕಡಿಮೆ ಇದ್ದ ಹಾಗೆ. ತಡವಾಗಿ ಬಂದರೆ ಬಸ್ಸು ಸಿಗಲಿಲ್ಲ ಎನ್ನಬೇಕು, ಅವಳು ನಿದ್ದೆ ಬಂತು ಎನ್ನುವಳು. ರಜೆ ಬೇಕಾದರೆ ಊರಲ್ಲಿ ಅಜ್ಜಿ ಸತ್ತಳು ಎನ್ನಬೇಕು. ಜೊತೆಯವರೆಲ್ಲ ತಮ್ಮ ತಮ್ಮ ಅಜ್ಜಿಯರನ್ನು ಮೂರು ಮೂರು ಸಲ ಸಾಯಿಸಿ ಮುಗಿಸಿದ್ದರಿಂದ, ಅವಳ ಅಜ್ಜಿ ನಿಜವಾಗಿ ಸತ್ತಾಗ ಯಾರೂ ನಂಬಲಿಲ್ಲ. ಇಂಥವಳು ತನ್ನ ಇಪ್ಪತ್ತೇಳು ವರ್ಷಗಳಲ್ಲಿ ಹೇಳಿದ ದೊಡ್ಡ ಸುಳ್ಳು ಒಂದೇ. ಅದನ್ನು ಮಾತ್ರ ಎಲ್ಲರೂ ನಂಬಿದರು.

ಸೇಡಂ ಕಡೆಯ ಒಂದು ಹಳ್ಳಿ ಅವಳದು. ಅಪ್ಪ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿಯಲ್ಲಿ ಕಲ್ಲು ಎಬ್ಬಿಸುವವನು. ಏಳನೆಯ ತರಗತಿಯವರೆಗೆ ಓದಿ, ಆಮೇಲೆ ಮನೆಯಲ್ಲಿ ತಮ್ಮಂದಿರನ್ನು ಆಡಿಸಿ, ಹತ್ತೊಂಬತ್ತಕ್ಕೆ ಭೀಮಾಶಂಕರನನ್ನು ಮದುವೆಯಾಗಿ ಹೈದರಾಬಾದಿನ ರೈಲು ಹತ್ತಿದಳು. ಗಂಡ ಸೆಂಟ್ರಿಂಗ್ ಕೆಲಸದವನು. ಊರಾಚೆ ಏಳುವ ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಕಾಂಕ್ರೀಟಿಗೆ ಹಲಗೆ ಹೊಡೆದು, ವಾರವೆಲ್ಲ ಅಲ್ಲಿಯ ತಗಡಿನ ಶೆಡ್ಡಿನಲ್ಲೇ ಮಲಗಿ, ಶನಿವಾರ ಸಂಜೆ ಮನೆಗೆ ಬರುತ್ತಿದ್ದ. ಸೋಮವಾರ ಬೆಳಿಗ್ಗೆ ಮತ್ತೆ ಹೊರಟು ನಿಲ್ಲುತ್ತಿದ್ದ. ಒಳ್ಳೆಯವನು, ಆದರೆ ಬಾಯಿಗೆ ಬೀಗವಿಲ್ಲದವನು. ಸಂತೋಷದ ಸುದ್ದಿ ಅವನ ಹೊಟ್ಟೆಯಲ್ಲಿ ಒಂದು ಗಂಟೆ ಉಳಿದರೆ ಹೆಚ್ಚು.

ಒಬ್ಬಳೇ ಕೋಣೆಯಲ್ಲಿ ಕೂತು ಬೇಸತ್ತು ಭಾಗ್ಯಶ್ರೀ ಲಾಂಡ್ರಿಗೆ ಸೇರಿದಳು. ಲಾಂಡ್ರಿ ಎಂದರೆ ಮೂಲೆಯ ಇಸ್ತ್ರಿ ಅಂಗಡಿಯಲ್ಲ. ಊರಿನ ಹೋಟೆಲುಗಳ, ಆಸ್ಪತ್ರೆಗಳ ಹಾಸಿಗೆಬಟ್ಟೆಗಳೆಲ್ಲ ಲಾರಿಗಳಲ್ಲಿ ಬಂದು ಬೀಳುವ ಕಾರ್ಖಾನೆ. ಒಂದು ಕಡೆ ಒಗೆಯುವ ಯಂತ್ರಗಳು, ಇನ್ನೊಂದು ಕಡೆ ಮಡಚುವ ಮೇಜು, ನಡುವೆ ರೋಲರ್. ಒದ್ದೆ ಚಾದರದ ಎರಡು ತುದಿಯನ್ನು ಇಬ್ಬರು ಹೆಂಗಸರು ಹಿಡಿದು ಕೊಟ್ಟರೆ, ಕಾದ ಉರುಳೆಗಳು ಅದನ್ನು ನುಂಗಿ ಆಚೆ ಕಡೆ ಹಪ್ಪಳದಂತೆ ಮಾಡಿ ಬಿಡುತ್ತಿದ್ದವು. ಏಪ್ರಿಲ್ ತಿಂಗಳಲ್ಲಿ ರೋಲರಿನ ಮುಂದೆ ನಿಂತವರಿಗೆ ಹೊರಗಿನ ಬಿಸಿಲೇ ತಂಪೆನಿಸುತ್ತಿತ್ತು. ಮೂವತ್ತು ಹೆಂಗಸರಲ್ಲಿ ಇಪ್ಪತ್ತು ಜನ ಕಲಬುರಗಿ, ಬೀದರ, ಯಾದಗಿರಿ ಕಡೆಯವರು. ಹಾಗಾಗಿ ಸೂಪರ್‌ವೈಸರನನ್ನೂ ಕನ್ನಡ ಬರುವವನನ್ನೇ ಇಟ್ಟಿದ್ದರು. ಹುಮನಾಬಾದಿನ ಶಿವಪ್ರಕಾಶ.

ಹಿಂದಿನ ಬೇಸಿಗೆಯಲ್ಲಿ ರೋಲರಿನ ಹತ್ತಿರ ಒಬ್ಬಳು ತಲೆ ತಿರುಗಿ ಬಿದ್ದು ಮೊಣಕೈ ತನಕ ಸುಟ್ಟುಕೊಂಡಳು. ಬಟ್ಟೆ ಕೊಡುವ ದೊಡ್ಡ ಹೋಟೆಲಿನವರು ಕೇಳಿದರು, ನಿಮ್ಮಲ್ಲಿ ಕೆಲಸದವರ ಸುರಕ್ಷತೆಗೆ ಏನಿದೆ? ಅಲ್ಲಿಯ ತನಕ ಇದ್ದದ್ದು ಒಂದು ಮಣ್ಣಿನ ಹರವಿ ನೀರು. ಮಾಲಕರು ಈ ಸಲ ಬೇಸಿಗೆಗೆ ಮೊದಲೇ ಕೈಗೆ ಕಟ್ಟುವ ಪಟ್ಟಿಗಳನ್ನು ತರಿಸಿದರು. ಗಡಿಯಾರದಂತೆ ಮಣಿಕಟ್ಟಿಗೆ ಬಿಗಿಯುವ ಕರಿ ರಬ್ಬರಿನ ಪಟ್ಟಿ. ಮೊದಲ ವಾರ ಅದು ಪ್ರತಿಯೊಬ್ಬಳ ಎದೆಬಡಿತವನ್ನು ಗುರುತು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಬಡಿತ ಆ ಗುರುತನ್ನು ಮೀರಿ ಹೆಚ್ಚಾದರೆ ಕೂಗಿಕೊಂಡು ಕೆಂಪಾಗುತ್ತದೆ. ಕೆಂಪಾದವಳು ಕೂಲರ್ ಇಟ್ಟ ಕೋಣೆಗೆ ಹೋಗಿ ಹತ್ತು ನಿಮಿಷ ಕೂತು, ಒಂದು ಲೋಟ ಉಪ್ಪು ಸಕ್ಕರೆಯ ನೀರು ಕುಡಿದು ಬರಬಹುದು. ಪಟ್ಟಿಯ ಕಂಪನಿಯಿಂದ ಬಂದ ಹುಡುಗಿ ಹಿಂದಿಯಲ್ಲಿ ನಗುನಗುತ್ತ ಹೇಳಿದಳು, ಇದು ನಿಮ್ಮ ಒಳ್ಳೆಯದಕ್ಕೆ, ನಿಮ್ಮ ಮೈಯ ಮಾಹಿತಿ ನಿಮ್ಮದೇ, ಅದು ಯಾರಿಗೂ ಹೋಗುವುದಿಲ್ಲ. ಅವಳು ಹೀಗೆ ಹೇಳುತ್ತಿರುವಾಗಲೇ ಅವಳ ಹಿಂದೆ ಇಬ್ಬರು ಗಂಡಸರು ಗೋಡೆಗೆ ದೊಡ್ಡದೊಂದು ಟಿವಿ ಹೊಡೆಯುತ್ತಿದ್ದರು. ಮರುದಿನದಿಂದ ಮೂವತ್ತು ಹೆಸರು, ಮೂವತ್ತು ಬಣ್ಣ, ಆ ಟಿವಿಯಲ್ಲಿ.

ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಎಲ್ಲ ಕಡೆಯೂ ಇರುತ್ತಾರೆ. ಇಲ್ಲಿ ಮಂದಾಕಿನಿ ಇದ್ದಳು, ಬಸವಕಲ್ಯಾಣದವಳು, ನಲವತ್ತೈದು ದಾಟಿದ ಗಟ್ಟಿ ಹೆಂಗಸು. ಗೋದಾಮಿನ ಹಿಂದಿನ ಮೆಟ್ಟಿಲನ್ನು ನಾಲ್ಕು ಸಲ ಹತ್ತಿಳಿದರೆ ಪಟ್ಟಿ ಕೆಂಪಾಗುತ್ತದೆಂದು ಕಂಡುಹಿಡಿದವಳು ಅವಳೇ. ಹತ್ತು ನಿಮಿಷ ಕೂರುವುದಕ್ಕಾಗಿ ಹದಿನೈದು ನಿಮಿಷ ಮೆಟ್ಟಿಲು ಹತ್ತುವ ಈ ಲಾಭ ಯಾವ ಲಾಭವೋ, ಆದರೆ ಗೆದ್ದೆವೆಂಬ ಖುಷಿ ಇತ್ತಲ್ಲ. ಒಂದು ದಿನ ಅವಳೂ ಅವಳ ಹಿಂದೆ ಹತ್ತಿದವರೂ ಸಿಕ್ಕಿಬಿದ್ದರು. ಪಟ್ಟಿ ಹೆಜ್ಜೆಗಳನ್ನೂ ಎಣಿಸುತ್ತದೆಂದು ಅವರಿಗೆ ಯಾರು ಹೇಳಿದ್ದರು? ಅಂದಿನಿಂದ ಹೊಸ ಕಾನೂನು. ಸುಳ್ಳು ಕೆಂಪು ತೋರಿಸಿದವರಿಗೆ ಒಂದು ತಿಂಗಳು ಕೂಲರಿನ ಕೋಣೆ ಇಲ್ಲ, ಮತ್ತು ಆ ತಿಂಗಳೆಲ್ಲ ರೋಲರಿನ ಮುಂದೆ ಕೆಲಸ.

ಭಾಗ್ಯಶ್ರೀ ಆ ಮೆಟ್ಟಿಲನ್ನು ಒಂದು ಸಲವೂ ಹತ್ತಿದವಳಲ್ಲ. ಅವಳ ಜಾಗ ಮಡಚುವ ಮೇಜು, ಅಲ್ಲಿ ಕುರ್ಚಿಯೂ ಇತ್ತು. ಅವಳ ಹೆಸರು ಟಿವಿಯಲ್ಲಿ ಮುಂಜಾನೆಯಿಂದ ಸಂಜೆಯವರೆಗೆ ಹಸಿರಾಗಿಯೇ ಇರುತ್ತಿತ್ತು.

ಅವಳ ದುಃಖ ಬೇರೆ. ಮದುವೆಯಾದ ಮೂರನೆಯ ವರ್ಷ ತಿಂಗಳು ನಿಂತಾಗ ಗಂಡನಿಗೆ ಹೇಳಿದಳು. ಅವನು ಅಲ್ಲಿಯೇ ನಿಂತು ಊರಿಗೆ ಫೋನು ಹಚ್ಚಿದ. ಅತ್ತೆ ಶಂಕ್ರಮ್ಮ ಓಣಿಗೆಲ್ಲ ಸಕ್ಕರೆ ಹಂಚಿದಳು. ಎರಡು ತಿಂಗಳು ತುಂಬುವ ಮೊದಲೇ ಇಳಿದುಹೋಯಿತು. ಎರಡನೆಯ ಸಲ ಹೆದರಿ ಗಂಡನಿಗೊಬ್ಬನಿಗೇ ಹೇಳಿ, ಯಾರಿಗೂ ಹೇಳಬೇಡವೆಂದು ಕೈಮೇಲೆ ಕೈ ಹಾಕಿಸಿಕೊಂಡಳು. ಎಂಟು ದಿನಕ್ಕೆ ಅತ್ತೆ ಉಪ್ಪಿನಕಾಯಿ ಕಳಿಸಿದಳು. ಅದೂ ನಿಲ್ಲಲಿಲ್ಲ. ಆಗ ಶಂಕ್ರಮ್ಮ ತಾನೇ ಬಂದು ಸೊಸೆಯ ತಲೆ ನೇವರಿಸುತ್ತ ಹೇಳಿದ ಮಾತು ಇದು. "ಮಂದಿ ಕಣ್ಣಿನ ನೆದರ ಭಾಳ ಕೆಟ್ಟದ್ದೈತಿ ಯವ್ವಾ. ಮುಂದಿನ ಸಲ ಮೂರು ತಿಂಗಳ ತುಂಬೂತನಕ ಯಾರಿಗೂ ಬಾಯಿ ಬಿಡಬ್ಯಾಡ. ನನಗೂ ಹೇಳಬ್ಯಾಡ, ಅವಗೂ ಹೇಳಬ್ಯಾಡ. ಗ್ವಾಡಿಗೆ ಸೈತ ಹೇಳಬ್ಯಾಡ."

ಓದಿದವರು ನಗಬಹುದು. ಎರಡು ಸಲ ಕಳೆದುಕೊಂಡವಳಿಗೆ ನಗು ಬರುವುದಿಲ್ಲ. ಈ ವರ್ಷ ಹೋಳಿಯ ಮುಂದೆ ಮೂರನೆಯ ಸಲ ತಿಂಗಳು ನಿಂತಿತು. ಮೆಡಿಕಲ್ ಅಂಗಡಿಯಿಂದ ತಂದ ಕಡ್ಡಿಯಲ್ಲಿ ಎರಡು ಗೆರೆ ಮೂಡಿದ್ದನ್ನು ನೋಡಿ, ಅದನ್ನು ಕಾಗದದಲ್ಲಿ ಸುತ್ತಿ ಕಸದ ಗಾಡಿಗೆ ಹಾಕಿ, ಬಾಯಿ ಮುಚ್ಚಿಕೊಂಡಳು. ದವಾಖಾನೆಗೆ ಹೋಗಲಿಲ್ಲ; ಹೋದರೆ ಹೆಸರು ಬರೆಸಬೇಕು, ಬರೆಸಿದರೆ ಗಲ್ಲಿಗೆ ಗೊತ್ತಾಗಬೇಕು. ಮೂರು ತಿಂಗಳು ತುಂಬಲಿ, ಎಲ್ಲ ಒಟ್ಟಿಗೆ ಮಾಡಿದರಾಯಿತು. ಶನಿವಾರ ಗಂಡ ಬಂದಾಗ ಊಟ ಸೇರದಿದ್ದರೆ ಹೊಟ್ಟೆಯುಬ್ಬರ ಎನ್ನುವಳು, ಹಾಗೆಂದು ಗೋಡೆಯ ಕಡೆ ತಿರುಗುವಳು. ಅವನ ಮುಖ ನೋಡಿದರೆ ಹೇಳಿಬಿಡುತ್ತೇನೆಂದು ಅವಳಿಗೆ ಭಯ. ಗೋಡೆಗೂ ಹೇಳದೆ, ದಿನಕ್ಕೊಂದು ಗಂಟಿನಂತೆ ಸೀರೆಯ ಹಳೆಯ ಅಂಚಿನ ದಾರದಲ್ಲಿ ದಿನ ಎಣಿಸುತ್ತಿದ್ದಳು.

ಆದರೆ ಪಟ್ಟಿಗೆ ಅತ್ತೆ ಬುದ್ಧಿ ಹೇಳಿರಲಿಲ್ಲ. ಒಳಗೆ ಇನ್ನೊಂದು ಜೀವ ಕೂತರೆ ತಾಯಿಯ ಎದೆ ಇಬ್ಬರಿಗಾಗಿ ಬಡಿಯಬೇಕಾಗುತ್ತದೆ. ಪಟ್ಟಿ ಗುರುತು ಹಿಡಿದಿದ್ದು ಹಳೆಯ ಭಾಗ್ಯಶ್ರೀಯನ್ನು. ಹೊಸಬಳನ್ನು ಕಂಡು ಅದು ಕೂಗತೊಡಗಿತು. ಮುಂಜಾನೆ ಎಂಟೂವರೆಗೆ ಬಂದು ಕುರ್ಚಿಯಲ್ಲಿ ಕೂತು ಮೊದಲ ದಿಂಬಿನ ಚೀಲ ಮಡಚುವಷ್ಟರಲ್ಲಿ ಕೆಂಪು. ಒಂದು ದಿನ, ಎರಡು ದಿನ, ಹನ್ನೆರಡು ದಿನ. ಅವಳು ಕೂಲರಿನ ಕೋಣೆಗೆ ಹೋಗಿ ಕೂತು, ಮೊದಲು ಪಟ್ಟಿಗೆ ಏನೋ ಕೆಟ್ಟಿದೆ ಎಂದುಕೊಂಡಳು. ಆಮೇಲೆ ಒಂದು ದಿನ ಅವಳಿಗೆ ತಾನಾಗಿಯೇ ಹೊಳೆಯಿತು. ಕೆಂಪಾದ ಮಣಿಕಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಯಾರಿಲ್ಲದ ಆ ಕೋಣೆಯಲ್ಲಿ ಸಣ್ಣಗೆ ನಕ್ಕಳು. ಯಾರಿಗೂ ಹೇಳದ ಸುದ್ದಿ ಇದಕ್ಕೊಂದಕ್ಕೆ ಗೊತ್ತಿದೆ. ಇದಕ್ಕೆ ಬಾಯಿಲ್ಲ, ಇದರ ನೆದರೂ ತಗಲುವುದಿಲ್ಲ. ಅಂದಿನಿಂದ ಅವಳಿಗೆ ಆ ಕೂಗು ಕೇಳಿದರೆ ಜೀವಕ್ಕೆ ಸಮಾಧಾನ. ಇದೆ, ಇನ್ನೂ ಇದೆ, ಇವತ್ತೂ ಇದೆ. ದಾರದಲ್ಲಿ ಎಪ್ಪತ್ತು ಗಂಟು ದಾಟಿದ್ದವು.

ಬಾಯಿ ಇರುವವರು ಟಿವಿಯ ಕೆಳಗಿದ್ದರು. ಹತ್ತೊಂಬತ್ತು ದಿನ ಉಳಿದಿರುವಾಗ, ಬೆಳಗಿನ ಹಾಜರಿಗೆ ಎಲ್ಲರೂ ನಿಂತಾಗ ಶಿವಪ್ರಕಾಶ ಅವಳ ಹೆಸರು ಕೂಗಿದ. ಟಿವಿಯಲ್ಲಿ ಅವಳ ಎದೆಬಡಿತದ ಗೆರೆ ಗುಡ್ಡ ಹತ್ತಿ ಇಳಿಯುತ್ತಿತ್ತು. ಮೂವತ್ತು ಹೆಂಗಸರು, ಲಾರಿಯಿಂದ ಬಟ್ಟೆ ಇಳಿಸುವ ನಾಲ್ವರು ಗಂಡಸರು, ಎಲ್ಲರೂ ಅವಳ ಎದೆಯನ್ನು ನೋಡುತ್ತಿದ್ದರು.

"ಏನವ್ವ ಭಾಗ್ಯಶ್ರೀ, ಇದೇನಿದು? ಎಂಟೂವರಿಗೆ ಕೆಂಪು! ರೋಲರ್ ಇನ್ನ ಕಾದಿರೂದಿಲ್ಲ. ಹೆಜ್ಜಿ ನೋಡಿದ್ರ ಹನ್ನೊಂದು. ಕುಂತಲ್ಲೇ ಕುಂತಿ, ನಿನ್ನ ಎದಿ ಯಾಕ ಓಡಾಕತ್ತೈತಿ?"

"ಗಂಡ ನೆನಪಾಗಿರಬೇಕು ಬಿಡ್ರಿ ಸರ್," ಎಂದು ಮಂದಾಕಿನಿ ಹಿಂದಿನಿಂದ ಕೂಗಿದಳು. ನಗು ಎದ್ದಿತು.

ಶಿವಪ್ರಕಾಶ ನಗಲಿಲ್ಲ. ಕೆಟ್ಟ ಮನುಷ್ಯನಲ್ಲ ಅವನು. ಮೆಟ್ಟಿಲಿನ ಆಟ ಸಿಕ್ಕ ಮೇಲೆ ಅವನಿಗೂ ಮೇಲಿನವರಿಂದ ಬೈಗುಳ ಬಿದ್ದಿತ್ತು. "ಎರಡ ಮಾತು ನೋಡವ್ವ. ಮೈಯಾಗ ಏನರ ಆಗಿದ್ರ ಹೇಳು, ಈಗ ಡಾಕ್ಟರ್ ಹತ್ರ ಕಳಸ್ತೀನಿ. ಇಲ್ಲಾಂದ್ರ ಏನ್ ಆಟ ಹೂಡೀದಿ, ಅದನ್ನ ಹೇಳು."

ಮೈಯಲ್ಲಿ ಏನಾಗಿದೆ ಎಂದು ಹೇಳಲು ಎರಡು ಶಬ್ದ ಸಾಕಿತ್ತು. ಹೇಳಿದ್ದರೆ ಅವನು ಕುರ್ಚಿ ಕೊಟ್ಟು, ನೀರು ಕೊಟ್ಟು, ಹಗುರ ಕೆಲಸ ಕೊಡುತ್ತಿದ್ದ. ಇದು ಅವಳಿಗೂ ಗೊತ್ತಿತ್ತು. ಆದರೆ ಶಿವಪ್ರಕಾಶನ ಹೆಂಡತಿಯ ತವರು ಶಂಕ್ರಮ್ಮನ ಹಳ್ಳಿಯ ಪಕ್ಕದ ಹಳ್ಳಿ. ಆ ಹೆಂಡತಿ ದಿನಾ ಸಂಜೆ ತಾಯಿಗೆ ಫೋನು ಹಚ್ಚುವವಳು. ಬೆಳಿಗ್ಗೆ ಇಲ್ಲಿ ಅಂದ ಮಾತು ದೀಪ ಹಚ್ಚುವ ಹೊತ್ತಿಗೆ ಅಲ್ಲಿಯ ಕಟ್ಟೆಯ ಮೇಲೆ ಕೂತಿರುತ್ತದೆ. ಅಲ್ಲಿಯ ತನಕ ಯಾಕೆ, ಇಲ್ಲಿಯೇ ಮೂವತ್ತು ಜೊತೆ ಕಣ್ಣುಗಳಿವೆ. ಅವರಲ್ಲಿ ಮಕ್ಕಳಿಲ್ಲದವರು ಮೂವರು. ಹತ್ತೊಂಬತ್ತು ದಿನ, ಬರೇ ಹತ್ತೊಂಬತ್ತು ದಿನ. ಭಾಗ್ಯಶ್ರೀ ತಲೆ ತಗ್ಗಿಸಿದಳು.

"ಮೈಯಾಗ ಏನಿಲ್ರಿ ಸರ್. ಆಟಾನ ಹೂಡಿದ್ದೆ."

"ಹ್ಯಾಂಗ? ಕುಂತಲ್ಲೇ?"

"ಉಸಿರು ಬಿಗಿ ಹಿಡೀತೀನ್ರಿ. ತಡೀಲಾರದಷ್ಟು ಹಿಡದು ಒಮ್ಮಿಗೇ ಬಿಡ್ತೀನಿ. ಆಗ ಎದಿ ಜೋರ ಬಡಕೋತೈತಿ."

ಎಲ್ಲಿಂದ ಬಂತೋ ಆ ಸುಳ್ಳು, ನೀರಿನಂತೆ ಬಂತು. ಶಿವಪ್ರಕಾಶನಿಗೆ ಅವಳ ಮೇಲೆ ಕನಿಕರವೂ ಆಯಿತು. "ಖರೆ ಒಪ್ಕೊಂಡಿ, ಅದಕ್ಕ ಕೆಲಸದಿಂದ ತಗೀದಿಲ್ಲ. ಆದ್ರ ಕಾನೂನು ಎಲ್ಲಾರಿಗೂ ಒಂದ. ತಿಂಗಳ ತನಕ ನಿನ್ನ ಕೆಂಪಿಗೆ ಸೂಟಿ ಇಲ್ಲ. ನಾಳಿಂದ ರೋಲರ್ ಮುಂದ ನಿಲ್ಲು," ಎಂದು ಕಾಗದದಲ್ಲಿ ಬರೆದುಕೊಂಡ.

ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಮೂವತ್ತು ಹೆಂಗಸರೂ ಉಸಿರು ಬಿಗಿ ಹಿಡಿದು ಕೂತಿದ್ದರು. ಒಬ್ಬಳ ಮುಖ ಬದನೆಕಾಯಿಯಾಯಿತು, ಇನ್ನೊಬ್ಬಳಿಗೆ ಬಿಕ್ಕಳಿಕೆ ಹತ್ತಿತು. ಮಂದಾಕಿನಿ ಕಣ್ಣಲ್ಲಿ ನೀರು ಬರುವ ತನಕ ಹಿಡಿದು, ಹಸಿರಾಗಿಯೇ ಇದ್ದ ತನ್ನ ಪಟ್ಟಿಯನ್ನು ತೋರಿಸಿ, "ಏ ಭಾಗ್ಯಾ, ನನಗ್ಯಾಕ ಆಗವಲ್ದು? ಕಲಸಿಕೊಡ ತಂಗಿ! ಬೆಕ್ಕಿನಂಗ ಸುಮ್ಮ ಕುಂತು ಹಾಲೆಲ್ಲಾ ಕುಡದಿ ನೀ," ಎಂದು ಬೆನ್ನು ಚಪ್ಪರಿಸಿದಳು. ಭಾಗ್ಯಶ್ರೀ ಎಲ್ಲರೊಡನೆ ನಕ್ಕಳು. ಮೊದಲ ಸಲ ಆ ಹೆಂಗಸರು ಅವಳನ್ನು ತಮ್ಮವಳೆಂದು ನೋಡಿದರು, ಅದೇ ಒಂದು ಲಾಭ.

ರೋಲರಿನ ಮುಂದೆ ಕುರ್ಚಿ ಇಲ್ಲ. ಒದ್ದೆ ಚಾದರ ತೊಟ್ಟಿಯಿಂದ ಎತ್ತಬೇಕು, ಝಾಡಿಸಬೇಕು, ತುದಿ ಹಿಡಿದು ಕೊಡಬೇಕು. ಮತ್ತೆ ಎತ್ತಬೇಕು. ಹಬೆ ಮುಖಕ್ಕೆ ಹೊಡೆಯುತ್ತಿತ್ತು. ಮಣಿಕಟ್ಟಿನ ಪಟ್ಟಿ ಮುಂಜಾನೆಯಿಂದ ಕೂಗುತ್ತಿತ್ತು, ಟಿವಿಯಲ್ಲಿ ಅವಳ ಹೆಸರು ಕೆಂಪಾಗಿಯೇ ಇರುತ್ತಿತ್ತು. ಆ ಕೆಂಪಿನ ಪಕ್ಕದಲ್ಲಿ ಶಿವಪ್ರಕಾಶ ಒಂದು ಗುರುತು ಹಾಕಿಸಿದ್ದ: ಇದು ಸುಳ್ಳು, ಗಮನ ಬೇಡ. ಮೂರನೆಯ ದಿನಕ್ಕೆ ಅವಳ ಪಟ್ಟಿಯ ಕೂಗು ಯಾರಿಗೂ ಕೇಳಿಸದಾಯಿತು. ನೀರು ಕುಡಿಯಲು ಹೋದರೆ ಮಾತ್ರ ಎಲ್ಲರೂ ಅವಳನ್ನೇ ನೋಡುವರು, ಹಾಗಾಗಿ ಅದಕ್ಕೂ ಕಡಿಮೆ ಹೋದಳು. ಒಂದೆರಡು ಸಲ ಶಿವಪ್ರಕಾಶನ ಮೇಜಿನ ತನಕ ನಡೆದು, ಚಾದರದ ಲೆಕ್ಕ ಕೇಳಿ ವಾಪಸು ಬಂದಳು. ದಾರಕ್ಕೆ ದಿನಾ ಒಂದು ಗಂಟು ಹಾಕುವುದನ್ನು ಬಿಡಲಿಲ್ಲ.

ಹನ್ನೆರಡನೆಯ ದಿನ ಮಧ್ಯಾಹ್ನ ಸೊಂಟದಲ್ಲಿ ನೋವು ಕಾಣಿಸಿಕೊಂಡಿತು. ಅವಳಿಗೆ ಆ ನೋವು ಹೊಸದಲ್ಲ. ಪಟ್ಟಿ ಎಂದಿಗಿಂತ ಬೇರೆ ದನಿಯಲ್ಲಿ, ಬಿಡದೆ ಕೂಗಿತು. ಚಾದರದ ಇನ್ನೊಂದು ತುದಿ ಹಿಡಿದಿದ್ದ ಮಂದಾಕಿನಿ, "ಸಾಕ್ ಬಿಡ ತಂಗಿ, ಇನ್ನ ಯಾರ ನಂಬತಾರ ನಿನ್ನ ಆಟಾ," ಎಂದು ನಕ್ಕಳು. ಭಾಗ್ಯಶ್ರೀ ಪಟ್ಟಿಯ ಮೇಲೆ ಇನ್ನೊಂದು ಕೈಯನ್ನು ಒತ್ತಿ ಹಿಡಿದು ಅದರ ಬಾಯಿ ಮುಚ್ಚಿದಳು. ಐದು ಗಂಟೆಯ ತನಕ ಚಾದರ ಕೊಟ್ಟಳು. ಪಟ್ಟಿಯನ್ನು ಬಿಚ್ಚಿ ಡಬ್ಬಿಯಲ್ಲಿಟ್ಟು, ಸಹಿ ಮಾಡಿ, ಮನೆಗೆ ನಡೆದಳು. ಏಳು ಮನೆಗೆ ಒಂದೇ ಬಚ್ಚಲು. ಹೊರಗೆ ಯಾರೋ ಬಕೆಟ್ಟು ಹಿಡಿದು ಬಾಗಿಲು ಬಡಿಯುತ್ತಿದ್ದರು. "ಬಂದೆರಿ, ಬಂದೆ," ಎನ್ನುತ್ತ ಒಳಗೆ ಅವಳು ನೀರು ಸುರಿದಳು, ಮತ್ತೆ ಸುರಿದಳು.

ರೋಲರಿನಿಂದಲೇ ಹೋಯಿತೆಂದು ಯಾವ ವೈದ್ಯರೂ ಹೇಳಲಾರರು. ಮೊದಲಿನ ಎರಡೂ ರೋಲರಿಲ್ಲದೆಯೇ ಹೋಗಿದ್ದವು. ಆದರೆ ಆ ಹನ್ನೆರಡು ದಿನ ಒಂದು ಯಂತ್ರ ಕೈಹಿಡಿದು ಜಗ್ಗಿ ಜಗ್ಗಿ ಹೇಳುತ್ತಿತ್ತು, ಈ ಹೆಂಗಸನ್ನು ಕೂರಿಸಿರಿ ಎಂದು. ಅವಳು ಹೇಳಿದ ಸುಳ್ಳಿನ ಮುಂದೆ ಅದು ಹೇಳಿದ ನಿಜ ನಿಲ್ಲಲಿಲ್ಲ. ನೆನೆದರೆ ಹೊಟ್ಟೆ ಉರಿಯುತ್ತದೆ, ಯಾರನ್ನು ಬೈಯಬೇಕೆಂದು ಮಾತ್ರ ತಿಳಿಯುವುದಿಲ್ಲ.

ಎರಡು ದಿನ ಜ್ವರವೆಂದು ಮಲಗಿದಳು. ಶನಿವಾರ ಭೀಮಾಶಂಕರ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದ. "ಮುಖ ಯಾಕ ಸಣ್ಣದಾಗೈತಿ?" ಎಂದ. ಬಿಸಿಲು ಎಂದಳು. ಇತ್ತೆಂದೇ ಹೇಳದವನಿಗೆ ಹೋಯಿತೆಂದು ಹೇಗೆ ಹೇಳುವುದು? ಅವನು ತಿಂದು, ಕೈ ತೊಳೆದು, ಸೈಟಿನಲ್ಲಿ ನಡೆದ ಒಂದು ಜಗಳದ ಕಥೆ ಹೇಳಿದ. ಅವಳು ಹೂಂ ಎನ್ನುತ್ತಿದ್ದಳು. ದಾರವನ್ನು ಅಷ್ಟರಲ್ಲಿ ಒಲೆಗೆ ಹಾಕಿ ಆಗಿತ್ತು.

ಪಟ್ಟಿ ಆಮೇಲೆ ಕೂಗಲಿಲ್ಲ. ಎಂಟೂವರೆಗೆ ಹಸಿರು, ಹತ್ತಕ್ಕೆ ಹಸಿರು, ರೋಲರಿನ ಮುಂದೆಯೂ ಬಹಳ ಹೊತ್ತು ಹಸಿರು. ಮುಂಜಾನೆ ಪಟ್ಟಿ ಬಿಗಿಯುವಾಗ ಅವಳು ಒಂದು ಕ್ಷಣ ಕಾಯುತ್ತಿದ್ದಳು. ಅದು ಸುಮ್ಮನಿರುತ್ತಿತ್ತು. ಸತ್ತವರಿಗೆ ಮಣ್ಣು ಕೊಡುತ್ತಾರೆ, ಮೂರನೆಯ ದಿನ ಎಡೆ ಇಡುತ್ತಾರೆ, ನಾಲ್ಕು ಜನ ಕೂತು ಅಳುತ್ತಾರೆ. ಇದಕ್ಕೆ ಅದಾವುದೂ ಇಲ್ಲ. ಅಳಬೇಕೆಂದರೂ ಯಾಕೆ ಅಳುತ್ತೀಯೆಂದು ಕೇಳುವವರಿಗೆ ಕೊಡಲು ಉತ್ತರವಿಲ್ಲ.

ಶಿಕ್ಷೆಯ ತಿಂಗಳು ಮುಗಿದ ದಿನ ಹಾಜರಿಯಲ್ಲಿ ಶಿವಪ್ರಕಾಶ ಮತ್ತೆ ಅವಳ ಗೆರೆಯನ್ನು ಟಿವಿಗೆ ಹಾಕಿಸಿದ. ಈ ಸಲ ಮುಖದ ತುಂಬ ನಗು. "ನೋಡ್ರಿ ಎಲ್ಲಾರೂ. ಮೊದಲ ಹ್ಯಾಂಗಿತ್ತು, ಈಗ ಹ್ಯಾಂಗೈತಿ. ಒಂದ ಸಲ ಹೇಳಿದ್ದಕ್ಕ ಎಷ್ಟು ನೆಟ್ಟಗಾದಳು ನಮ್ಮ ಭಾಗ್ಯಶ್ರೀ! ಎರಡೂವರಿ ವಾರದಿಂದ ನಾರ್ಮಲ್. ಇವತ್ತಿನಿಂದ ವಾಪಸು ಮೇಜಿಗೆ. ಚಪ್ಪಾಳೆ ಹೊಡೀರಿ." ಹೆಂಗಸರು ಹೊಡೆದರು. ಮಂದಾಕಿನಿ ಎಲ್ಲರಿಗಿಂತ ಜೋರಾಗಿ ಹೊಡೆದಳು.

ಎಲ್ಲರೂ ಕೆಲಸಕ್ಕೆ ಚದುರಿದ ಮೇಲೆ ಭಾಗ್ಯಶ್ರೀ ಅವನ ಮೇಜಿನ ಹತ್ತಿರ ಬಂದು ನಿಂತಳು.

"ಸರ್, ಹಳೇ ಗೆರಿ ಒಂದ ಸಲ ತೋರಸ್ತೀರೇನ್ರಿ? ಮೊದಲ ಮೇಜಿನ ಹತ್ರ ಇದ್ದಾಗಿಂದು. ಎಂಟೂವರಿದು."

"ಆ ಕೆಂಪಂದಾ? ಈಗ ಯಾಕವ್ವ ಅದು?"

"ಸುಮ್ಮ... ನೋಡಬೇಕಾಗಿತ್ರಿ."

ಶಿವಪ್ರಕಾಶನಿಗೆ ಅರ್ಥವಾದಂತೆ ಕಂಡಿತು. ಪಾಪ, ಹೆದರಿದ್ದಾಳೆ. ದನಿ ತಗ್ಗಿಸಿ, ಮನೆಯ ಮಗಳಿಗೆ ಹೇಳುವಂತೆ ಹೇಳಿದ. "ಅಂಜಬ್ಯಾಡ. ಈಗ ಟಿವಿಗೆ ಹಾಕಿದ್ದ ಕಡೀದು, ಮುಗಿದ ಕೂಡ್ಲೆ ತಗಿಸಿಬಿಟ್ಟೆ. ಸುಳ್ಳ ರೀಡಿಂಗ್ ಅಂತ ಕಂಪನಿಯವರಿಗೆ ಬರದಿದ್ದೆ, ಮೊದಲಿಂದ ಕಡೀತನಕ ಎಲ್ಲಾ ಅಳಸಿ ಹಾಕ್ಯಾರ. ನೋಡಿಲ್ಲಿ." ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದ. ತಾರೀಖುಗಳು ಸಾಲಾಗಿ ಇದ್ದವು. ಅವುಗಳ ಮುಂದೆ ಒಂದಷ್ಟು ದಿನ ಬಿಳಿ, ಆಮೇಲೆ ಹಸಿರು. "ಇನ್ನ ನಿನ್ನ ಹೆಸರಿನ ಮ್ಯಾಲೆ ಏನೂ ಇಲ್ಲ."

ಭಾಗ್ಯಶ್ರೀ ಆ ಬಿಳಿಯ ಜಾಗವನ್ನು ನೋಡಿದಳು. ಗಂಡನಿಗೆ ಗೊತ್ತಿಲ್ಲದ್ದು, ಅತ್ತೆಗೆ ಗೊತ್ತಿಲ್ಲದ್ದು, ಯಾವ ದವಾಖಾನೆಯ ಪುಸ್ತಕದಲ್ಲೂ ಇಲ್ಲದ್ದು, ಆ ಒಂದು ಜಾಗದಲ್ಲಿ ಮಾತ್ರ ಬರೆದಿತ್ತು.

"ಒಂದ ದಿನದ್ದೂ ಉಳಿದಿಲ್ಲೇನ್ರಿ ಸರ್?"

"ಒಂದೂ ಉಳಿದಿಲ್ಲ. ಖಾತ್ರಿ."

ಅವನು ಉಪಕಾರದ ಮಾತಿಗೆ ಕಾಯುತ್ತಿದ್ದಾನೆಂದು ತಿಳಿದು ಅವಳು ಕೈಮುಗಿದಳು.